ಯಕೃತ್ತು ಮರೆಯದ ಊಟ

ಗ್ರೀಕರ ಪುರಾಣದಲ್ಲಿ ಪ್ರೊಮಿಥಿಯಸ್ ಎಂಬುವನ ಕಥೆಯೊಂದಿದೆ. ದೇವತೆಗಳ ಬೆಂಕಿಯನ್ನು ಕದ್ದು ಮನುಷ್ಯರಿಗೆ ಕೊಟ್ಟ ತಪ್ಪಿಗಾಗಿ ಅವನನ್ನು ಬಂಡೆಗೆ ಬಿಗಿದರು. ದಿನವೂ ಒಂದು ಹದ್ದು ಬಂದು ಅವನ ಯಕೃತ್ತನ್ನು ಕುಕ್ಕಿ ತಿನ್ನುತ್ತಿತ್ತು. ಇರುಳು ಕಳೆಯುವುದರೊಳಗೆ ಅದು ಮತ್ತೆ ಬೆಳೆದುಬಿಡುತ್ತಿತ್ತು. ರಾಮನ ಬಾಣಕ್ಕೆ ಉರುಳಿದ ಹಾಗೆಲ್ಲ ಮತ್ತೆ ಮೂಡುತ್ತಿದ್ದ ರಾವಣನ ತಲೆಗಳ ಕಥೆ ಕೇಳಿ ಬೆಳೆದ ನಮಗೆ ಇದು ಅಷ್ಟೇನೂ ಹೊಸದೆನಿಸದು. ಆದರೆ ತಲೆ ಚಿಗುರುವುದು ಕವಿಗಳ ಲೋಕದಲ್ಲಿ ಮಾತ್ರ. ಯಕೃತ್ತು ಚಿಗುರುವುದು ನಿಜ. 1931ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬುವರು ಬಿಳಿ ಇಲಿಗಳ ಯಕೃತ್ತಿನ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಯನ್ನು ವಿವರಿಸಿ ಪ್ರಕಟಿಸಿದರು. ಉಳಿದ ಒಂದು ಪಾಲು ಕೆಲವೇ ದಿನಗಳಲ್ಲಿ ಬೆಳೆದು ಹೆಚ್ಚುಕಡಿಮೆ ಮೊದಲಿನ ತೂಕಕ್ಕೆ ಬಂದು ನಿಂತಿತು. ಕತ್ತರಿಸಿದ ಹಾಲೆ ಮತ್ತೆ ಮೂಡಲಿಲ್ಲ, ಉಳಿದ ಹಾಲೆಗಳೇ ದೊಡ್ಡದಾದವು ಎಂಬುದು ನಿಜ. ಪುರಾಣಕ್ಕೂ ಪ್ರಯೋಗಶಾಲೆಗೂ ಅಷ್ಟು ಅಂತರವನ್ನು ನಾವು ಕ್ಷಮಿಸಬೇಕು.

ಇಷ್ಟು ಬೇಗನೆ ತನ್ನನ್ನು ತಾನೇ ಕಟ್ಟಿಕೊಳ್ಳಬಲ್ಲ ಅಂಗಕ್ಕೆ ಬಾಲ್ಯದ ಕಷ್ಟಗಳು ಅಂಟಿಕೊಂಡು ಉಳಿಯಲಾರವೆಂದು ಎಣಿಸುವುದು ಸಹಜ. ಆದರೆ ಕಳೆದ ಆರೇಳು ದಶಕಗಳಿಂದ ಪ್ರಯೋಗಶಾಲೆಯ ಇಲಿಗಳೂ ಕೋತಿಗಳೂ ಹೇಳುತ್ತಿರುವುದು ಬೇರೆಯೇ ಮಾತು. ತಾಯಿಯ ಗರ್ಭದಲ್ಲಿ, ಮೊಲೆಹಾಲಿನ ದಿನಗಳಲ್ಲಿ, ಹಾಲು ಬಿಟ್ಟ ಮೊದಲ ವಾರಗಳಲ್ಲಿ ಮರಿಗೆ ದೊರೆತ ಆಹಾರ ಎಂಥದು, ಎಷ್ಟು ಎಂಬುದರ ಗುರುತು ಯಕೃತ್ತಿನ ಜೀವಕೋಶಗಳ ಸಂಖ್ಯೆಯಲ್ಲಿ, ಜೋಡಣೆಯಲ್ಲಿ, ನಡವಳಿಕೆಯಲ್ಲಿ ಉಳಿದುಬಿಡುತ್ತದೆ. ಕತ್ತರಿಯ ಗಾಯವನ್ನು ಮರೆಯಬಲ್ಲ ಯಕೃತ್ತು ಎಳವೆಯ ಊಟವನ್ನು ಮರೆಯಲಾರದು.

ಬಾಲ್ಯದಲ್ಲೇ ಮೂರು ಉದ್ಯೋಗ

ಇದು ಹೇಗೆಂದು ತಿಳಿಯಬೇಕಾದರೆ ಯಕೃತ್ತಿನ ಬಾಲ್ಯವನ್ನು ಸ್ವಲ್ಪ ನೋಡಬೇಕು. ಗರ್ಭದಲ್ಲಿರುವ ಮರಿಗೆ ಅದು ಮುಖ್ಯವಾಗಿ ರಕ್ತ ತಯಾರಿಸುವ ಕಾರ್ಖಾನೆ. ಮುಂದೆ ಎಲುಬಿನ ಮಜ್ಜೆ ವಹಿಸಿಕೊಳ್ಳುವ ಕೆಲಸವನ್ನು ಅಲ್ಲಿಯವರೆಗೆ ಯಕೃತ್ತೇ ಮಾಡುತ್ತಿರುತ್ತದೆ. ಆಹಾರದ ಚಿಂತೆ ಅದಕ್ಕಿಲ್ಲ. ಮಾಸಿನ ಮೂಲಕ, ಹೊಕ್ಕಳುಬಳ್ಳಿಯ ಹಾದಿಯಾಗಿ, ತಾಯಿಯ ಗ್ಲೂಕೋಸ್ ನಿರಂತರವಾಗಿ ಹರಿದು ಬರುತ್ತದೆ. ಗರ್ಭದ ಕೊನೆಯ ದಿನಗಳಲ್ಲಿ ಮಾತ್ರ ಮುಂದಾಲೋಚನೆಯ ಗೃಹಿಣಿಯಂತೆ ಅದು ಸ್ವಲ್ಪ ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಹೊಕ್ಕಳುಬಳ್ಳಿ ಕಡಿದ ಕ್ಷಣದಿಂದ ಆ ಹೊಳೆ ನಿಂತುಹೋಗುತ್ತದೆ. ಮೊದಲ ಕೆಲವು ಗಂಟೆಗಳು ಕೂಡಿಟ್ಟ ಗ್ಲೈಕೋಜನ್ ಕರಗಿಸಿ ಜೀವ ಹಿಡಿಯಬೇಕು. ಆಮೇಲೆ ಬರುವುದು ಹಾಲು. ಇಲಿಯ ಹಾಲು ಬಹಳ ಕೊಬ್ಬಿನ ಹಾಲು. ಅದರ ಶಕ್ತಿಯಲ್ಲಿ ಮೂರನೆಯ ಎರಡು ಭಾಗ ಕೊಬ್ಬಿನಿಂದಲೇ ಬರುತ್ತದೆ, ಸಕ್ಕರೆಯ ಪಾಲು ನೂರಕ್ಕೆ ಸುಮಾರು 8 ಮಾತ್ರ. ಆದ್ದರಿಂದ ಮಿದುಳಿಗೆ ಬೇಕಾದ ಗ್ಲೂಕೋಸನ್ನು ಯಕೃತ್ತು ಈಗ ತಾನೇ ತಯಾರಿಸಬೇಕಾಗುತ್ತದೆ. ಮೂರು ವಾರಗಳಾಗುವಷ್ಟರಲ್ಲಿ ಮರಿ ಕಾಳುಕಡ್ಡಿ ತಿನ್ನಲು ತೊಡಗುತ್ತದೆ. ಈಗ ಪಿಷ್ಟದ ಪ್ರವಾಹ. ತಯಾರಿಸುತ್ತಿದ್ದವನೇ ಕೊಳ್ಳುವವನಾಗಬೇಕು: ಊಟದ ನಂತರ ರಕ್ತದಲ್ಲಿ ಏರುವ ಗ್ಲೂಕೋಸನ್ನು ಹಿಡಿದು ಒಳಗೆ ಸೇರಿಸಿಕೊಳ್ಳಬೇಕು. ಹಾಗೆ ಹಿಡಿಯುವ ಗ್ಲೂಕೋಕೈನೇಸ್ ಎಂಬ ಕಿಣ್ವ ಹುಟ್ಟಿದ ಮರಿಯ ಯಕೃತ್ತಿನಲ್ಲಿ ಇರುವುದೇ ಇಲ್ಲ. ಎರಡು ವಾರ ಕಳೆದ ಮೇಲೆ ಅದು ತಲೆದೋರಿ, ಹಾಲು ಬಿಡುವ ಕಾಲಕ್ಕೆ ಹೆಚ್ಚುತ್ತದೆ.

ಒಂದು ತಿಂಗಳೊಳಗೆ ಮೂರು ಉದ್ಯೋಗ! ನಮ್ಮ ಮನೆಯ ಹುಡುಗನೊಬ್ಬ ಹೀಗೆ ಕೆಲಸ ಬದಲಾಯಿಸಿದರೆ ಹಿರಿಯರು ಕಳವಳಗೊಂಡಾರು. ಆದರೆ ಯಕೃತ್ತಿಗೆ ಇದು ಶಿಕ್ಷಣದ ಕಾಲ. ಒಂದೊಂದು ಕೆಲಸಕ್ಕೂ ಮುನ್ಸೂಚನೆ ಬರುವುದು ಆಹಾರದಿಂದ. ಸೂಚನೆ ತಪ್ಪಾಗಿ ಬಂದರೆ ಪಾಠವೂ ತಪ್ಪುತ್ತದೆ. ನಮ್ಮ ಹಟ್ಟಿಯಲ್ಲಿಯೇ ಇದಕ್ಕೆ ಸಾಕ್ಷ್ಯವಿದೆ. ಈದ ಹಸುವಿನ ಗಿಣ್ಣುಹಾಲನ್ನು ಕುಡಿದ ಕರುವಿನ ಯಕೃತ್ತಿನಲ್ಲಿ, ಬರಿಯ ಕೃತಕ ಹಾಲು ಕುಡಿದ ಕರುವಿಗಿಂತ, ಕೆಲವೇ ದಿನಗಳಲ್ಲಿ ಹೆಚ್ಚು ಗ್ಲೈಕೋಜನ್ ಕೂಡಿರುತ್ತದೆಂದು ಪ್ರಯೋಗಗಳು ತೋರಿಸಿವೆ. ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಸವಿಯುವ ನಾವು, ಅದು ಮೊದಲು ಯಾರಿಗಾಗಿ ಬಂದ ಊಟವೆಂಬುದನ್ನು ಒಮ್ಮೆ ನೆನೆದರೆ ತಪ್ಪಿಲ್ಲ.

ಹದಿನೈದು ಮರಿಗಳ ಪಂಕ್ತಿ

ಎಳವೆಯ ಹಸಿವಿಗೂ ಬೆಳೆದ ಮೇಲಿನ ಹಸಿವಿಗೂ ಇರುವ ಅಂತರವನ್ನು ಅತ್ಯಂತ ಸರಳವಾಗಿ ತೋರಿಸಿಕೊಟ್ಟವರು ಕೇಂಬ್ರಿಜ್ಜಿನ ಮೆಕ್ಯಾನ್ಸ್ ಮತ್ತು ಎಲ್ಸಿ ವಿಡೋಸನ್. ಅವರ ಉಪಾಯದಲ್ಲಿ ಯಾವ ಯಂತ್ರವೂ ಇರಲಿಲ್ಲ. ಒಂದೇ ದಿನ ಹುಟ್ಟಿದ ಇಲಿಮರಿಗಳನ್ನು ಬೆರೆಸಿ, ಒಂದು ತಾಯಿಗೆ ಮೂರೇ ಮರಿ, ಇನ್ನೊಂದಕ್ಕೆ ಹದಿನೈದು ಇಪ್ಪತ್ತು ಮರಿ ಎಂದು ಹಂಚಿದರು. ಮೊದಲ ಪಂಕ್ತಿಯಲ್ಲಿ ಹಾಲು ಸಮೃದ್ಧ, ಎರಡನೆಯದರಲ್ಲಿ ನೂಕುನುಗ್ಗಲು. ಹಾಲು ಬಿಟ್ಟ ಮೇಲೆ ಎರಡೂ ಗುಂಪಿಗೆ ಬೇಕಾದಷ್ಟು ಆಹಾರ. ಆದರೂ ನೂಕುನುಗ್ಗಲಿನಲ್ಲಿ ಬೆಳೆದ ಮರಿಗಳು ಜೀವಮಾನವಿಡೀ ಸಣ್ಣವಾಗಿಯೇ ಉಳಿದವು. ಬೇರೆ ಕೆಲವು ಇಲಿಗಳಿಗೆ ಎಳವೆಯಲ್ಲಿ ಹೊಟ್ಟೆ ತುಂಬ ಕೊಟ್ಟು, ಒಂಬತ್ತನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಹಸಿವಿಗೊಡ್ಡಿದರು. ಅವು ಊಟ ಸಿಕ್ಕೊಡನೆ ಚೇತರಿಸಿಕೊಂಡವು. ಹಸಿವು ಮೂರೇ ವಾರದ್ದು, ಆದರೆ ಯಾವ ಮೂರು ವಾರ ಎಂಬುದೇ ಎಲ್ಲವನ್ನೂ ನಿರ್ಧರಿಸಿತು.

ದೇಹದ ಒಳಗೆ ಏನು ಕಡಿಮೆಯಾಯಿತು? 1966ರಲ್ಲಿ ನ್ಯೂಯಾರ್ಕಿನ ಮೈರನ್ ವಿನಿಕ್ ಮತ್ತು ಅಡೀಲ್ ನೋಬಲ್ ಇದಕ್ಕೆ ಉತ್ತರ ಹುಡುಕಿದರು. ಪ್ರತಿಯೊಂದು ಕೋಶಕೇಂದ್ರದಲ್ಲಿಯೂ ಡಿ.ಎನ್.ಎ. ಒಂದು ನಿಶ್ಚಿತ ಪ್ರಮಾಣದಲ್ಲಿ ಇರುತ್ತದಷ್ಟೆ. ಹಾಗಿದ್ದಲ್ಲಿ ಒಂದು ಅಂಗದ ಒಟ್ಟು ಡಿ.ಎನ್.ಎ.ಯನ್ನು ಅಳೆದು ಭಾಗಿಸಿದರೆ ಕೋಶಗಳ ಲೆಕ್ಕ ಸಿಗಬೇಕು. ರಾಶಿಯ ತೂಕದಿಂದ ಕಾಳಿನ ಲೆಕ್ಕ ಹಾಕಿದಂತೆ. ಹುಟ್ಟಿದಂದಿನಿಂದ 21ನೆಯ ದಿನದವರೆಗೆ ಅರೆಹೊಟ್ಟೆಯಲ್ಲಿದ್ದ ಮರಿಗಳಲ್ಲಿ ಯಕೃತ್ತೂ ಸೇರಿ ಎಲ್ಲ ಅಂಗಗಳ ಕೋಶಸಂಖ್ಯೆ ಕುಗ್ಗಿತ್ತು. ಆಮೇಲೆ ಎಷ್ಟು ಉಣಿಸಿದರೂ ಅದು ಭರ್ತಿಯಾಗಲಿಲ್ಲ. ಹಾಲು ಬಿಟ್ಟ ಮೇಲೆ 42ನೆಯ ದಿನದವರೆಗೆ ಹಸಿದವುಗಳಲ್ಲಿ ಮಿದುಳು, ಶ್ವಾಸಕೋಶಗಳು ಪಾರಾದವು, ಯಕೃತ್ತು ಪಾರಾಗಲಿಲ್ಲ. 65ನೆಯ ದಿನದ ನಂತರ ಹಸಿದವುಗಳಲ್ಲಿ ಕೋಶಗಳ ಸಂಖ್ಯೆ ಹಾಗೆಯೇ ಇದ್ದು ಅವುಗಳ ಗಾತ್ರ ಮಾತ್ರ ಕುಗ್ಗಿತ್ತು. ಊಟ ಸಿಕ್ಕಾಗ ಅವು ಮತ್ತೆ ತುಂಬಿಕೊಂಡವು. ಕೋಶ ವಿಭಜನೆಯಾಗುವ ಕಾಲದಲ್ಲಿ ಬಂದ ಹಸಿವು ಕಾಳಿನ ಲೆಕ್ಕವನ್ನೇ ಕಡಿಮೆ ಮಾಡುತ್ತದೆ, ವಿಭಜನೆ ಮುಗಿದ ಮೇಲೆ ಬಂದ ಹಸಿವು ಕಾಳನ್ನು ಜೊಳ್ಳಾಗಿಸುತ್ತದೆ ಅಷ್ಟೆ.

ಒಂದೇ ಮನೆ, ಎರಡು ಒಲೆ

ಆದರೆ ಈ ಸೊಗಸಾದ ಲೆಕ್ಕಕ್ಕೆ ತೊಡಕು ತಂದ ಅಂಗ ಯಕೃತ್ತೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಅನೇಕ ಕೋಶಗಳಲ್ಲಿ ಒಂದಲ್ಲ, ಎರಡು ಕೇಂದ್ರಗಳಿರುತ್ತವೆ; ಕೆಲವು ಕೇಂದ್ರಗಳಲ್ಲಿ ಡಿ.ಎನ್.ಎ. ಮಾಮೂಲಿನ ಇಮ್ಮಡಿ, ನಾಲ್ಮಡಿ ಇರುತ್ತದೆ. ಆದ್ದರಿಂದ ಯಕೃತ್ತಿನ ಮಟ್ಟಿಗೆ ವಿನಿಕ್ಕರ ಎಣಿಕೆಯನ್ನು ಕೋಶಗಳ ಎಣಿಕೆಯೆನ್ನದೆ ಡಿ.ಎನ್.ಎ. ಪ್ರತಿಗಳ ಎಣಿಕೆಯೆನ್ನುವುದೇ ಸರಿ.

ಹುಟ್ಟಿದ ಇಲಿಮರಿಯಲ್ಲಿ ಈ ವಿಚಿತ್ರವಿಲ್ಲ. ಅಲ್ಲಿ ಒಂದು ಕೋಶಕ್ಕೆ ಒಂದೇ ಕೇಂದ್ರ. ಹಾಲು ಬಿಡುವ ಹೊತ್ತಿಗೆ ಏನೋ ಆಗುತ್ತದೆ. ಕೋಶ ವಿಭಜನೆಗೆ ತೊಡಗುತ್ತದೆ, ಕೇಂದ್ರ ಎರಡಾಗುತ್ತದೆ, ಆದರೆ ನಡುವೆ ಗೋಡೆ ಏಳುವುದಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಒಲೆ ಬೇರೆ ಮಾಡಿಕೊಂಡೂ ಹಳೆಯ ಮನೆಯಲ್ಲಿಯೇ ಒಟ್ಟಿಗೆ ಉಳಿದಂತೆ. ಬೆಳೆದ ಇಲಿಯ ಯಕೃತ್ತಿನಲ್ಲಿ ಬಹುಪಾಲು ಕೋಶಗಳು ಇಂಥ ಹೆಚ್ಚುವರಿ ಪ್ರತಿಗಳುಳ್ಳವು. ಮನುಷ್ಯನಲ್ಲಿ ಅವುಗಳ ಪ್ರಮಾಣ ಕಡಿಮೆ.

ಗೋಡೆ ಏಳದಂತೆ ತಡೆಯುವವರು ಯಾರು? 2009ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು ಇದನ್ನು ಬಿಡಿಸಿದರು. ಹಾಲು ಬಿಟ್ಟು ಪಿಷ್ಟಕ್ಕೆ ಬಂದದ್ದರಿಂದ ಹೀಗಾಗುತ್ತಿದೆಯೇ ಎಂದು ನೋಡಿದರು. ಪಿಷ್ಟದ ಪ್ರಮಾಣದಿಂದ ವ್ಯತ್ಯಾಸವಾಗಲಿಲ್ಲ. ಹಗಲು ರಾತ್ರಿಗಳ ಲಯವೇ ಎಂದು ನೋಡಿದರು, ಅದೂ ಅಲ್ಲ. ಸೂತ್ರ ಇದ್ದದ್ದು ಇನ್ಸುಲಿನ್ನಿನ ಕೈಯಲ್ಲಿ. ಇನ್ಸುಲಿನ್ನಿನ ಸಂಕೇತವನ್ನು ಕುಗ್ಗಿಸಿದಾಗ ಎರಡು ಕೇಂದ್ರಗಳ ಕೋಶಗಳು ಬಹಳ ಕಡಿಮೆಯಾದವು. ಮತ್ತೆ ಮತ್ತೆ ಇನ್ಸುಲಿನ್ ಚುಚ್ಚಿದಾಗ ಹೆಚ್ಚಿದವು. ಮೇದೋಜೀರಕ ಗ್ರಂಥಿಯಿಂದ ಹೊರಟು ಸಕ್ಕರೆಯನ್ನು ಹತೋಟಿಯಲ್ಲಿಡುವ ವಸ್ತುವೆಂದು ನಮಗೆ ಪರಿಚಿತವಾದ ಇನ್ಸುಲಿನ್ ಎಳೆಯ ಯಕೃತ್ತಿನಲ್ಲಿ ಮೇಸ್ತ್ರಿಯ ಕೆಲಸವನ್ನೂ ಮಾಡುತ್ತದೆಂದಾಯಿತು. ಹೆಚ್ಚುವರಿ ಪ್ರತಿಗಳಿಂದ ಏನು ಲಾಭ ಎಂಬ ಪ್ರಶ್ನೆಗೆ ಒಂದು ಉತ್ತರ 2018ರಲ್ಲಿ ಬಂದಿತು: ಚಿಟ್ಟಿಲಿಗಳಲ್ಲಿ ಅಂಥ ಕೋಶಗಳು ಯಕೃತ್ತಿನ ಗಂತಿಗಳನ್ನು ತಡೆಯಲು ನೆರವಾಗುತ್ತವೆ. ಒಂದು ಪ್ರತಿಯ ರಕ್ಷಕ ವಂಶವಾಹಿ ಕೆಟ್ಟರೂ ಇನ್ನೊಂದು ಕಾವಲಿಗಿರುತ್ತದೆ.

ಕಾಲುವೆಯ ತುದಿಯ ಗದ್ದೆ

ಸಂಖ್ಯೆಯ ಮಾತು ಸಾಕು. ಜೋಡಣೆಯ ಮಾತು ಇನ್ನೂ ಸೋಜಿಗದ್ದು. ಯಕೃತ್ತು ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯ ಅಸಂಖ್ಯಾತ ಕಿರುಖಂಡಗಳಿಂದಾಗಿದೆ. ಕರುಳಿನಿಂದ ಆಹಾರ ಹೊತ್ತು ಬಂದ ರಕ್ತ ಖಂಡದ ಅಂಚುಗಳಲ್ಲಿ ಒಳಹೊಕ್ಕು, ಕೋಶಗಳ ಸಾಲುಗಳ ನಡುವೆ ಹರಿದು, ಮಧ್ಯದ ನಾಳವನ್ನು ಸೇರಿ ಹೊರಗೆ ಹೋಗುತ್ತದೆ. ಕಾಲುವೆಯ ನೀರಿನಂತೆಯೇ ಇಲ್ಲಿಯೂ ಮೊದಲ ಗದ್ದೆ, ತುದಿಯ ಗದ್ದೆ ಎಂಬ ಭೇದವುಂಟು. ಅಂಚಿನ ಕೋಶಗಳು ಗ್ಲೂಕೋಸನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ; ತುದಿಯ, ಎಂದರೆ ಮಧ್ಯನಾಳದ ಬಳಿಯ ಕೋಶಗಳು ಅದರಲ್ಲಿ ಒಂದು ಭಾಗವನ್ನು ಮತ್ತೆ ಹಿಡಿದುಕೊಳ್ಳುತ್ತವೆ. ಆಗಲೇ ಹೇಳಿದ ಗ್ಲೂಕೋಕೈನೇಸ್ ಹೆಚ್ಚಾಗಿ ಇರುವುದು ಅಲ್ಲಿಯೇ.

ಗರ್ಭಿಣಿ ಇಲಿಗಳಿಗೆ ಹೊಟ್ಟೆ ತುಂಬ ಆಹಾರ ಕೊಟ್ಟು ಪ್ರೋಟೀನನ್ನು ಮಾತ್ರ ಕಡಿಮೆ ಮಾಡಿದರೆ ಏನಾದೀತು? ನೂರಕ್ಕೆ 20 ಇರಬೇಕಾದ ಪ್ರೋಟೀನ್ 8ಕ್ಕೆ ಇಳಿದ ಆಹಾರವನ್ನು ಗರ್ಭಕಾಲದಲ್ಲಿಯೂ ಹಾಲೂಡಿಸುವ ಕಾಲದಲ್ಲಿಯೂ ತಿಂದ ತಾಯಿಯರ ಮರಿಗಳನ್ನು, ಅವು ಬೆಳೆದು ದೊಡ್ಡವಾದ ಮೇಲೆ ಪರೀಕ್ಷಿಸಿದ ವರದಿ 1997ರಲ್ಲಿ ಪ್ರಕಟವಾಯಿತು. ಕೇಂಬ್ರಿಜ್ಜಿನ ನಿಕೋಲಸ್ ಹೇಲ್ಸ್ ಅದರಲ್ಲಿ ಪಾಲುಗೊಂಡವರಲ್ಲೊಬ್ಬರು. ಸಾಮಾನ್ಯ ಇಲಿಯ ಯಕೃತ್ತಿನಲ್ಲಿ ಅಂಚಿನ ಕೋಶಗಳು ತಯಾರಿಸಿದ ಗ್ಲೂಕೋಸಿನಲ್ಲಿ ಸರಾಸರಿ ನೂರಕ್ಕೆ 24 ಪಾಲನ್ನು ತುದಿಯ ಕೋಶಗಳು ಹಿಡಿದುಕೊಳ್ಳುತ್ತಿದ್ದವು. ಪ್ರೋಟೀನಿನ ಬರದಲ್ಲಿ ರೂಪುಗೊಂಡ ಯಕೃತ್ತಿನಲ್ಲಿ ಈ ಹಿಡಿತ ಬಹಳ ಸಡಿಲಿತ್ತು, ತುದಿಯ ಕೋಶಗಳಲ್ಲಿ ಗ್ಲೂಕೋಕೈನೇಸ್ ಕುಗ್ಗಿತ್ತು. ಪರಿಣಾಮವಾಗಿ ಹೆಚ್ಚು ಗ್ಲೂಕೋಸ್ ಹೊರಗೆ ಹರಿಯುತ್ತಿತ್ತು. ಇನ್ನೂ ಆಶ್ಚರ್ಯವೆಂದರೆ ಒಂದೊಂದು ಕಿರುಖಂಡದ ಗಾತ್ರ ಎರಡರಷ್ಟಾಗಿತ್ತು, ಖಂಡಗಳ ಸಂಖ್ಯೆ ಅರ್ಧಕ್ಕಿಳಿದಿತ್ತು. ಯಕೃತ್ತಿನ ನಕ್ಷೆಯೇ ಬದಲಾಗಿಹೋಗಿತ್ತು. ತಾಯಿಯ ಊಟದ ಕೊರತೆ ಮರಿಯ ದೇಹದಲ್ಲಿ ಗದ್ದೆಗಳ ಬದುಗಳನ್ನೇ ಕಿತ್ತು ಬೇರೆಡೆ ಹಾಕಿತ್ತು.

ಅರ್ಥ ಹುಡುಕಿದರೆ ಇದು ಮೂರ್ಖತನವಲ್ಲ. ಹೇಲ್ಸ್ ಮತ್ತು ಡೇವಿಡ್ ಬಾರ್ಕರ್ 1992ರಲ್ಲಿ ಮಂಡಿಸಿದ ವಾದದಂತೆ, ಬರಗಾಲದ ಸುದ್ದಿಯನ್ನು ಗರ್ಭದಲ್ಲೇ ಕೇಳಿದ ಮರಿ ಬರಗಾಲಕ್ಕೆ ತಕ್ಕ ಮಿತವ್ಯಯದ ದೇಹವನ್ನು ಕಟ್ಟಿಕೊಳ್ಳುತ್ತದೆ. ಹೊರಗೆ ಬಂದಾಗಲೂ ಬರವೇ ಇದ್ದರೆ ರಕ್ತಕ್ಕೆ ಧಾರಾಳವಾಗಿ ಗ್ಲೂಕೋಸ್ ಬಿಡುವ ಯಕೃತ್ತು ಪ್ರಾಣ ಉಳಿಸುತ್ತದೆ. ಹೊರಗೆ ಸುಭಿಕ್ಷವಿದ್ದರೆ ಅದೇ ಯಕೃತ್ತು ಮಧುಮೇಹಕ್ಕೆ ದಾರಿ ಮಾಡುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ಪ್ರೋಟೀನಿನ ಕೊರತೆ ಯಕೃತ್ತಿಗೆ ಮಾಡುವ ಕೇಡೆಲ್ಲವೂ ಶಾಶ್ವತವಲ್ಲ. ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾ ದೇಶದಲ್ಲಿ, ವೈದ್ಯೆ ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ ವರ್ಣಿಸಿದ ಕ್ವಾಷಿಯೋರ್ಕರ್ ಎಂಬ ಮಕ್ಕಳ ಕಾಯಿಲೆಯ ಹೆಸರಿಗೆ, ಮುಂದಿನ ಕೂಸು ಹುಟ್ಟಿದಾಗ ತಾಯಿಯ ಮಡಿಲಿನಿಂದ ಇಳಿದ ಮಗುವಿನ ಬೇನೆ ಎಂಬ ಭಾವವಿದೆ. ಮೊಲೆಹಾಲು ತಪ್ಪಿ ಬರಿಯ ಗಂಜಿಯ ಮೇಲೆ ಬಿದ್ದ ಆ ಮಕ್ಕಳ ಯಕೃತ್ತು ಕೊಬ್ಬಿನಿಂದ ಉಬ್ಬಿರುತ್ತಿತ್ತು. ಯಕೃತ್ತಿನಿಂದ ಕೊಬ್ಬನ್ನು ಹೊರಗೆ ಸಾಗಿಸುವ ಗಾಡಿ ಪ್ರೋಟೀನಿನದು. ಗಾಡಿಯಿಲ್ಲದೆ ಸರಕು ಮಂಡಿಯಲ್ಲೇ ರಾಶಿ ಬೀಳುತ್ತದೆ. ತಕ್ಕ ಆಹಾರ ದೊರೆತಾಗ ಆ ಕೊಬ್ಬು ಕರಗಿಹೋಗುತ್ತದೆ. ಸರಕು ಖಾಲಿ ಮಾಡುವುದು ಸುಲಭ. ಕಟ್ಟಡದ ಗೋಡೆ ಸರಿಸುವುದು ಸುಲಭವಲ್ಲ.

ಗುರುತು ಎಲ್ಲಿ ಉಳಿಯುತ್ತದೆ?

ಕೋಶಗಳು ಸಾಯುತ್ತವೆ, ಹೊಸವು ಬರುತ್ತವೆ. ಹಾಗಿದ್ದೂ ಹಳೆಯ ಊಟದ ಗುರುತು ಹೊಸ ಕೋಶಕ್ಕೆ ತಿಳಿಯುವುದೆಂತು? ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರನ್ ಲಿಲಿಕ್ರಾಪ್ ಮತ್ತು ಅವರ ಸಂಗಡಿಗರು 2005ರಲ್ಲಿ ಒಂದು ಸುಳಿವು ಕೊಟ್ಟರು. ಡಿ.ಎನ್.ಎ.ಯ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಬೀಗಗಳಿರುತ್ತವೆ. ಬೀಗವಿದ್ದಲ್ಲಿ ವಂಶವಾಹಿ ಮೌನವಾಗಿರುತ್ತದೆ. ಕೋಶ ವಿಭಜನೆಯಾದಾಗ ಈ ಬೀಗಗಳೂ ನಕಲಾಗುತ್ತವೆ. ಪ್ರೋಟೀನ್ ಕಡಿಮೆಯಿದ್ದ ತಾಯಿಯ ಮರಿಗಳ ಯಕೃತ್ತಿನಲ್ಲಿ, ಕೊಬ್ಬು ಮತ್ತು ಗ್ಲೂಕೋಸಿನ ವ್ಯವಹಾರವನ್ನು ನಿಯಂತ್ರಿಸುವ ಎರಡು ವಂಶವಾಹಿಗಳ ಬೀಗಗಳು ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಗಿದ್ದವು. ಮರಿಗಳು ಹಾಲು ಬಿಟ್ಟು ಸಾಮಾನ್ಯ ಆಹಾರಕ್ಕೆ ಬಂದ ಮೇಲೂ ಹಾಗೆಯೇ ಇದ್ದವು. ಅದೇ ಅರೆಪ್ರೋಟೀನಿನ ಊಟಕ್ಕೆ ಫೋಲಿಕ್ ಆಮ್ಲವನ್ನು ಹೆಚ್ಚಾಗಿ ಸೇರಿಸಿದಾಗ ಈ ಬದಲಾವಣೆ ಆಗಲಿಲ್ಲ. ಸೊಪ್ಪುಗಳಲ್ಲಿ ಧಾರಾಳವಾಗಿರುವ ಜೀವಸತ್ತ್ವವಿದು.

ಹಾಗಾದರೆ ಎಳವೆಯಲ್ಲಿ ಸಾಧ್ಯವಾದಷ್ಟು ತುರುಕಿ ಉಣಿಸುವುದೇ ಪರಿಹಾರವೆಂದು ಯಾರಾದರೂ ತೀರ್ಮಾನಿಸಿದರೆ, ಇಲಿಗಳು ಅದಕ್ಕೂ ಒಪ್ಪುವುದಿಲ್ಲ. ಅಮೆರಿಕದ ಬಫಲೋ ನಗರದಲ್ಲಿ ಮುಲ್‌ಚಂದ್ ಪಟೇಲರೂ ಅವರ ಸಹಾಯಕರೂ ಇಲಿಮರಿಗಳನ್ನು ತಾಯಿಯಿಂದ ಬೇರ್ಪಡಿಸಿ, ನೂರಕ್ಕೆ 56 ಪಾಲು ಶಕ್ತಿ ಪಿಷ್ಟಸಕ್ಕರೆಗಳಿಂದ ಬರುವ ಕೃತಕ ಹಾಲನ್ನು ಕೊಟ್ಟು ಬೆಳೆಸಿದರು. ಶಕ್ತಿ ಹೆಚ್ಚಿರಲಿಲ್ಲ, ಅದರ ಬಗೆ ಮಾತ್ರ ಬೇರೆ. ಮರಿಗಳ ರಕ್ತದಲ್ಲಿ ಇನ್ಸುಲಿನ್ ಏರಿತು, ಯಕೃತ್ತು ಕಾಲಕ್ಕೆ ಮುನ್ನವೇ ಕೊಬ್ಬು ತಯಾರಿಸಲು ಕಲಿಯಿತು, ದೊಡ್ಡವಾದ ಮೇಲೆ ಅವು ಸ್ಥೂಲಕಾಯಗಳಾದವು. ಕೇಂಬ್ರಿಜ್ಜಿನ ಸೂಸನ್ ಓಝಾನ್ ಮತ್ತು ಹೇಲ್ಸ್ 2004ರಲ್ಲಿ ವರದಿ ಮಾಡಿದ ಸಂಗತಿ ಇನ್ನೂ ತೀಕ್ಷ್ಣವಾದುದು. ಗರ್ಭದಲ್ಲಿ ಪ್ರೋಟೀನ್ ಕಡಿಮೆಯಾಗಿ, ಹುಟ್ಟಿದ ಮೇಲೆ ಸಮೃದ್ಧ ಹಾಲು ಕುಡಿದು ಸರಸರನೆ ಬೆಳೆದ ಗಂಡು ಚಿಟ್ಟಿಲಿಗಳು ಬೇಗ ಸತ್ತವು. ಗರ್ಭದಲ್ಲಿ ಸರಿಯಾಗಿ ಪೋಷಣೆ ಪಡೆದು ಹಾಲಿನ ದಿನಗಳಲ್ಲಿ ನಿಧಾನವಾಗಿ ಬೆಳೆದವು ಹೆಚ್ಚು ಕಾಲ ಬದುಕಿದವು. ಉಬ್ಬಿದ ಕೆನ್ನೆಯ ಕೂಸನ್ನು ಕಂಡು ಹಿಗ್ಗುವ ನೆಂಟರಿಷ್ಟರಿಗೆ ಇದು ರುಚಿಸುವ ಸುದ್ದಿಯಲ್ಲ.

ಇಲಿ ಮನುಷ್ಯನಲ್ಲವೆಂಬ ಆಕ್ಷೇಪ ನ್ಯಾಯವಾದುದು. ಇಲಿಮರಿ ಕಣ್ಣು ತೆರೆಯದೆ, ಅರೆಬೆಳೆದು ಹುಟ್ಟುತ್ತದೆ. ಅದರ ಮೊದಲ ವಾರಗಳಲ್ಲಿ ನಡೆಯುವ ಎಷ್ಟೋ ಸಂಗತಿಗಳು ನಮ್ಮ ಕೂಸಿಗೆ ಗರ್ಭದಲ್ಲಿಯೇ ಮುಗಿದಿರುತ್ತವೆ. ಮನುಷ್ಯರ ಯಕೃತ್ತನ್ನು ಕತ್ತರಿಸಿ ಕಿರುಖಂಡಗಳನ್ನು ಎಣಿಸಲಾಗುವುದೂ ಇಲ್ಲ. ಆದರೆ ಹುಟ್ಟಿದಾಗಿನ ತೂಕಕ್ಕೂ ಮುಂದಿನ ಆರೋಗ್ಯಕ್ಕೂ ನಂಟುಂಟೆಂಬುದಕ್ಕೆ ಒಂದು ಬಲವಾದ ಸಾಕ್ಷ್ಯ ದೊರೆತದ್ದು ನಮ್ಮ ಮೈಸೂರಿನಲ್ಲಿಯೇ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲಿಸಿ ಇಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋಗ್ರಾಮಿಗಿಂತ ಮೇಲಿಲ್ಲದೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು; ಮೂರು ಕಿಲೋಗ್ರಾಮಿಗೂ ಮೀರಿ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ. ಹೆರಿಗೆಯ ಕೋಣೆಯಲ್ಲಿ ತಕ್ಕಡಿಯ ಅಂಕೆಯನ್ನು ಬರೆದಿಟ್ಟ ದಾದಿಯರಿಗೆ, ಅರ್ಧ ಶತಮಾನದ ಅನಂತರ ಅದನ್ನು ಯಾರು ಓದುವರೆಂಬ ಕಲ್ಪನೆಯೂ ಇದ್ದಿರಲಾರದು.

ನಮಗೆ ಹೆಚ್ಚು ಹತ್ತಿರದ ಬಂಧುವೆಂದರೆ ಕೋತಿ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಜಪಾನೀ ಕೋತಿಗಳಿಗೆ ಗರ್ಭಕಾಲದಲ್ಲಿ ಕೊಬ್ಬು ಹೆಚ್ಚಿದ ಆಹಾರವನ್ನು ಕೊಟ್ಟರು. ಗರ್ಭದಲ್ಲಿದ್ದ ಮರಿಗಳ ಯಕೃತ್ತಿನಲ್ಲಿ ಕೊಬ್ಬು ಮೂರು ಪಟ್ಟಾಯಿತು. ತಾಯಿ ತಾನು ಸ್ಥೂಲವಾಗಿರಲಿ ತೆಳ್ಳಗಿರಲಿ, ಮರಿಯ ಯಕೃತ್ತಿನಲ್ಲಿ ಕೊಬ್ಬು ಸೇರಿಯೇ ಇತ್ತು. ಆಮೇಲೆ ಅದೇ ತಾಯಿಯರಲ್ಲಿ ಕೆಲವರಿಗೆ ಮುಂದಿನ ಬಸಿರಿನಲ್ಲಿ ಕೊಬ್ಬು ಕಡಿಮೆಯಿರುವ ಸಾಧಾರಣ ಆಹಾರವನ್ನು ಕೊಡಲಾಯಿತು. ತಾಯಿಯ ಮೈತೂಕ ಇಳಿಯಲಿಲ್ಲ. ಆದರೆ ಹೊಟ್ಟೆಯಲ್ಲಿದ್ದ ಆ ಮರಿಯ ಯಕೃತ್ತಿನ ಕೊಬ್ಬು ಇಳಿದಿತ್ತು.